ಎಫ್ ನೈನ್ ಅಕ್ಕ

ನೀರು ಸರಬರಾಜು ಕಚೇರಿಯ ಬೆರಳಚ್ಚುಗಾರ್ತಿಯನ್ನು ಎಲ್ಲರೂ ಕರೆಯುತ್ತಿದ್ದುದು ಎಫ್ ನೈನ್ ಅಕ್ಕ ಎಂದು. ಅವಳದು ಹಳೆಯ ಕಂಪ್ಯೂಟರ್, ಅದರೊಳಗಿದ್ದುದು ಅದಕ್ಕಿಂತ ಹಳೆಯ ವರ್ಡ್. ವರದಿಯ ಶೀರ್ಷಿಕೆ ಬದಲಾದರೆ ಮೊದಲ ಪುಟದಿಂದ ಹಿಡಿದು ಪ್ರತಿ ಅಧ್ಯಾಯದ ತಲೆಯವರೆಗೂ ಹುಡುಕಿ ಹುಡುಕಿ ತಿದ್ದಬೇಕಿತ್ತು. ಎಲ್ಲೋ ಒಂದು ಕಡೆ ಹಳೆಯದು ಉಳಿದು ಬೈಸಿಕೊಳ್ಳುತ್ತಿದ್ದಳು. ಸಾಕಾಗಿ ಹೋಗಿ ತಾನೇ ತಡಕಾಡಿ ಒಂದು ಉಪಾಯ ಕಂಡುಕೊಂಡಳು. ಪರದೆಯ ಮೇಲೆ ಕಡತದ ವಿವರಗಳಿರುವ ಪೆಟ್ಟಿಗೆಯಲ್ಲಿ ಶೀರ್ಷಿಕೆಯನ್ನು ಒಂದೇ ಸಲ ಬರೆಯುವುದು. ಉಳಿದ ಕಡೆಯೆಲ್ಲ ಅಕ್ಷರದ ಬದಲು ‘ಅಲ್ಲಿಂದ ತಂದುಕೋ’ ಎನ್ನುವ ಫೀಲ್ಡ್ ಇಡುವುದು. ಪೆಟ್ಟಿಗೆಯಲ್ಲಿ ತಿದ್ದಿ, ಪೂರ್ತಿ ವರದಿ ಆಯ್ದುಕೊಂಡು ಎಫ್ ನೈನ್ ಕೀ ಒತ್ತಿದರೆ ಮೂವತ್ತೆಂಟು ಕಡೆಯೂ ಹೊಸ ಶೀರ್ಷಿಕೆ. ಬೆಣ್ಣೆಯಿಂದ ಕೂದಲು ತೆಗೆದಷ್ಟು ಸಲೀಸು.

ಸಲೀಸಾದದ್ದೇ ತಪ್ಪಾಯಿತು. ಮೊದಲಾದರೆ ಒಂದು ದಿನ ಹಾಳಾಗುತ್ತದೆಂದು ಸುಮ್ಮನಿರುತ್ತಿದ್ದ ಸಾಹೇಬರು ಈಗ ಗಳಿಗೆಗೊಂದು ಶೀರ್ಷಿಕೆ ಕೊಡತೊಡಗಿದರು. ನಾಲಿಗೆಗೆ ಬೆರಳು ಹಚ್ಚಿ ಹಾಳೆ ತಿರುವುವ ದರಿದ್ರ ಅಭ್ಯಾಸ ಬೇರೆ ಅವರಿಗೆ. ತಿದ್ದಲು ವಾಪಸ್ಸು ಬಂದ ಪ್ರತಿ ಹಾಳೆಯ ಮೂಲೆಯೂ ಒದ್ದೆ. ಆ ಎಂಜಲು ಮುಟ್ಟಿದಾಗಲೆಲ್ಲ ಅವಳು ಎದ್ದು ಹೋಗಿ ಕೈ ತೊಳೆದು ಬರುತ್ತಿದ್ದಳು.

ಹೀಗಿರುವಾಗ ಕಚೇರಿಯ ದೊಡ್ಡ ನೀರಿನ ತೊಟ್ಟಿಯ ಗೋಡೆ ಕುಸಿದು ಕಾವಲುಗಾರ ಸತ್ತ. ಗೋಡೆ ಬಿರುಕು ಬಿಟ್ಟಿದೆಯೆಂದು ಅವನು ಸಾಹೇಬರಿಗೆ ಮೂರು ಸಲ ಅರ್ಜಿ ಕೊಟ್ಟಿದ್ದ. ಮೂರನ್ನೂ ಟೈಪು ಮಾಡಿಕೊಟ್ಟವಳು ಇವಳೇ. ಅವನ ಹೆಂಡತಿಗೆ ಅನುಕಂಪದ ಮೇಲೆ ಕೆಲಸ ಸಿಗಬೇಕಾದರೆ, ಅವನು ಕೆಲಸದ ಮೇಲಿದ್ದಾಗಲೇ ಸತ್ತನೆಂದು ವಿಚಾರಣಾ ವರದಿ ಹೇಳಬೇಕಿತ್ತು.

ವರದಿಯ ಮೊದಲ ಶೀರ್ಷಿಕೆ ‘ಕರ್ತವ್ಯದಲ್ಲಿದ್ದ ಕಾವಲುಗಾರನ ಸಾವು’ ಎಂದೇ ಇತ್ತು. ಮರುದಿನ ಅದು ‘ತೊಟ್ಟಿಯ ಅವಘಡ’ ಆಯಿತು. ಅದರ ಮರುದಿನ ‘ತೊಟ್ಟಿಯ ಬಳಿಯ ಘಟನೆ’. ಒಳಗಿನ ಪುಟಗಳಲ್ಲಂತೂ ಆ ಮನುಷ್ಯ ಆಗಲೇ ‘ಬಾಧಿತ ಸಿಬ್ಬಂದಿ’ ಆಗಿಬಿಟ್ಟಿದ್ದ. ಕೊನೆಗೆ ಸಾಹೇಬರು ಇನ್ನೊಂದು ಚೀಟಿ ಹಿಡಿದು ಬಂದರು: ‘ನೀರು ಸಂಗ್ರಹ ವ್ಯವಸ್ಥೆಯ ಸುಧಾರಣೆ’.

“ಸಾರ್, ಸತ್ತಿದ್ದು ಎಲ್ಲೂ ಬರೋದೇ ಇಲ್ವಲ್ಲ?”

“ನೋಡಮ್ಮ, ಹಾವೂ ಸಾಯ್ಬಾರ್ದು, ಕೋಲೂ ಮುರೀಬಾರ್ದು. ನಿಂಗೇನು ಕಷ್ಟ, ಒಂದು ಕೀ ಒತ್ತೋದು ತಾನೇ?”

ಥೂ! ಸತ್ತವನನ್ನು ಮೂವತ್ತೆಂಟು ಕಡೆಯಿಂದ ಒಂದೇ ಏಟಿಗೆ ಅಳಿಸುವ ವಿದ್ಯೆಯನ್ನು ಇಂಥವರ ಕೈಗೆ ಕೊಟ್ಟವಳು ತಾನೇ. ಅವಳಿಗೆ ತನ್ನ ಬೆರಳುಗಳ ಮೇಲೇ ಹೇಸಿಗೆಯಾಯಿತು. ಬಾಗಿಲಾಚೆಯ ಬೆಂಚಿನಲ್ಲಿ ಕಾವಲುಗಾರನ ಹೆಂಡತಿ ಬೆಳಗಿನಿಂದ ಕೂತಿದ್ದಳು.

“ವರದಿ ಆಯ್ತಾ ಅಕ್ಕಾ?”

“ಆಗ್ತಾ ಇದೆ ಕಣಮ್ಮ.”

ಎಫ್ ನೈನ್ ಅಕ್ಕ ವರದಿಯ ಕೊನೆಯ ಪುಟ ತೆರೆದಳು. ಶೀರ್ಷಿಕೆಯ ಕೆಳಗೆ ‘ಎಂಬ ಈ ವರದಿಯನ್ನು ಪೂರ್ತಿಯಾಗಿ ಓದಿ ಒಪ್ಪಿದ್ದೇವೆ’ ಎಂಬ ಸಾಲು, ಅದರಡಿಯಲ್ಲಿ ಸಾಹೇಬರೂ ಸೇರಿ ವಿಚಾರಣಾ ಸಮಿತಿಯ ಮೂವರು ಸದಸ್ಯರ ಸಹಿಗೆ ಜಾಗ. ಪೆಟ್ಟಿಗೆಯಲ್ಲಿ ಮೊದಲ ಶೀರ್ಷಿಕೆಯನ್ನೇ ಮತ್ತೆ ಬರೆದು ಆ ಒಂದು ಪುಟಕ್ಕೆ ತಂದುಕೊಂಡಳು. ಆಮೇಲೆ ಇನ್ನೆರಡು ಕೀ ಜೊತೆಗೆ ಒತ್ತಿ ಹಿಡಿದು ಎಫ್ ನೈನ್ ಒತ್ತಿದಳು. ಹಾಗೆ ಒತ್ತಿದರೆ ಫೀಲ್ಡಿನ ನಂಟು ಕಡಿದು ಬರೀ ಅಕ್ಷರ ಉಳಿಯುತ್ತದೆ. ಇನ್ನು ಪೆಟ್ಟಿಗೆಯಲ್ಲಿ ಯಾರು ಏನು ತಿದ್ದಿದರೂ ಅದು ಅಲುಗುವುದಿಲ್ಲ. ನಂತರ ಉಳಿದ ಮೂವತ್ತೇಳು ಕಡೆಗೆ ‘ಸುಧಾರಣೆ’ಯನ್ನು ಹರಿಯಬಿಟ್ಟಳು.

ಸಹಿಯ ದಿನ ಸದಸ್ಯರೊಬ್ಬರು ಹಾಳೆ ತಿರುವಿ ನೋಡಲು ಹೊರಟರೆ ಸಾಹೇಬರೇ ತಡೆದರು. “ಓದೋದೆಲ್ಲ ಬೇಡ ಬಿಡಿ. ನಮ್ಮ ಅಕ್ಕ ಎಫ್ ನೈನ್ ಒತ್ತಿದ್ರೆ ಎಲ್ಲಾ ಕಡೆ ತಾನಾಗೇ ಬದಲಾಗಿರುತ್ತೆ.” ನಾಲಿಗೆಗೆ ಬೆರಳು ಹಚ್ಚಿ ನೇರ ಕೊನೆಯ ಪುಟಕ್ಕೆ ಹೋಗಿ, ಮೇಲಿನ ಸಾಲನ್ನೂ ನೋಡದೆ ಉದ್ದಕ್ಕೆ ಸಹಿ ಎಳೆದರು. ಉಳಿದಿಬ್ಬರೂ ಅದರ ಕೆಳಗೆ ಸಹಿ ಹಾಕಿದರು.

ತಿಂಗಳ ಮೇಲೆ ಮುಖ್ಯ ಕಚೇರಿಯಿಂದ ಆ ಪುಟದ ಆಧಾರದ ಮೇಲೇ ಕಾವಲುಗಾರನ ಹೆಂಡತಿಗೆ ಕೆಲಸದ ಆದೇಶ ಬಂತು. ಸಾಹೇಬರು ವರದಿ ಹಿಡಿದು ಅವಳ ಮೇಜಿಗೆ ಓಡಿಬಂದರು.

“ಇದೆಲ್ಲಿಂದ ಬಂತು?”

“ಅದು ನೀವು ಪೂರ್ತಿ ಓದಿ ಸಹಿ ಹಾಕಿರೋ ಪುಟ ಸಾರ್.”

ಓದಿಲ್ಲ ಎಂದರೆ ತನ್ನ ಕುತ್ತಿಗೆಗೇ ಬರುತ್ತದೆಂದು ಸಾಹೇಬರು ವರದಿಯನ್ನು ಮೇಜಿನ ಮೇಲೆ ಬಿಟ್ಟು ಹೊರಟುಹೋದರು. ಅವಳು ಹಾಳೆಯ ಒದ್ದೆ ಮೂಲೆ ತಪ್ಪಿಸಿ ಎತ್ತಿಕೊಂಡು ಕಡತಕ್ಕೆ ಸೇರಿಸಿದಳು. ಹೋಗಿ ಸೋಪು ಹಚ್ಚಿ ಎರಡು ಸಲ ಕೈ ತೊಳೆದಳು. ಬರುವಾಗ ಬಾಗಿಲ ಬಳಿ ಕಾವಲುಗಾರನ ಹೆಂಡತಿ ಕೆಲಸದ ಮೊದಲ ದಿನದ ಹಾಜರಿಗೆಂದು ಪುಸ್ತಕ ತೆರೆದು ಪೆನ್ನು ಹಿಡಿದಿದ್ದಳು.

“ಓದಿ ಸಹಿ ಹಾಕಮ್ಮ,” ಎಂದಳು ಎಫ್ ನೈನ್ ಅಕ್ಕ.