ಸರ್ವರ್ ಕೋಣೆಗೊಂದು ಹಗೇವು

ನನಗೊಂದು ಕೆಟ್ಟ ಗುಣವಿದೆ. ಗೊತ್ತಿಲ್ಲದ್ದನ್ನು ಇನ್ನೊಬ್ಬರ ಹತ್ತಿರ ಕೇಳಲು ಬಾಯಿ ಬರುವುದಿಲ್ಲ. ಯಲಹಂಕದಲ್ಲಿ ಬಸ್ಸು ಎಲ್ಲಿಗೆ ಎಂದು ಕೇಳದೆ ಹತ್ತಿ, ರಾಜಾನುಕುಂಟೆ ತನಕ ಹೋಗಿ, ಏನೂ ಆಗದವಳಂತೆ ಅದೇ ಬಸ್ಸಿನಲ್ಲಿ ವಾಪಸ್ ಬಂದವಳು ನಾನು. "ಕೇಳಿದ್ರೆ ನಿನ್ನ ಗಂಟೇನು ಹೋಗುತ್ತೆ?" ಎಂದು ಬ್ಯಾಟರಾಯನಪುರದ ಮನೆಯಲ್ಲಿ ಅಮ್ಮ ದಿನಕ್ಕೊಮ್ಮೆಯಾದರೂ ಬೈಯುತ್ತಿದ್ದಳು. ಆ ಗುಣ ಒಂದು ಸಲ ನನ್ನ ಕೆಲಸಕ್ಕೇ ಕುತ್ತು ತಂದಿತು.

2012ರ ಸುಮಾರು ಇರಬೇಕು. ಸೋಲದೇವನಹಳ್ಳಿ ಕಡೆಯ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ನಾನು ಲ್ಯಾಬ್ ಇನ್‌ಸ್ಟ್ರಕ್ಟರ್. ಹೆಸರು ದೊಡ್ಡದು, ಕೆಲಸ ಮೌಸ್ ಎಣಿಸುವುದು. ಲ್ಯಾಬಿನ ಹಳೇ ಕಂಪ್ಯೂಟರುಗಳಲ್ಲಿ ದಿನಕ್ಕೆ ಎರಡು ಮೂರು ಮಲಗುತ್ತಿದ್ದವು. ಅವನ್ನು ಎಬ್ಬಿಸಿ ಕೂರಿಸುವುದರಲ್ಲೇ ನನ್ನ ಆಯಸ್ಸು ಹೋಗುತ್ತಿತ್ತು. ಆ ವರ್ಷ ಕಾಲೇಜು ಎರಡು ದೊಡ್ಡ ಸರ್ವರ್ ಕೊಂಡಿತು. ಒಂದೊಂದರ ಒಳಗೂ ಹತ್ತಾರು ವರ್ಚುವಲ್ ಕಂಪ್ಯೂಟರುಗಳನ್ನು ನಡೆಸಬಹುದು, ಮಕ್ಕಳು ಯಾವ ಟೇಬಲ್ಲಿನ ಮುಂದೆ ಕೂತರೂ ತಮ್ಮ ತಮ್ಮದು ತೆರೆದುಕೊಳ್ಳುತ್ತದೆ. ಎರಡಕ್ಕೂ ಸೇರಿ ಒಂದು ಸ್ಟೋರೇಜ್ ಪೆಟ್ಟಿಗೆ ಬೇಕೇ ಬೇಕು ಎಂದು ಹಟ ಹಿಡಿದವಳು ನಾನು.

ಕಾಲೇಜಿನ ಯಜಮಾನರು ಆ ಕಡೆಯ ಹಳೇ ಒಕ್ಕಲು ಮನೆತನದವರು; ತಮ್ಮದೇ ದ್ರಾಕ್ಷಿ ತೋಟದ ಜಾಗದಲ್ಲಿ ಕಾಲೇಜು ಕಟ್ಟಿದವರು. ಬಿಲ್ಲಿಗೆ ಸಹಿ ಹಾಕುವ ಮೊದಲು ನನ್ನನ್ನು ಕರೆಸಿದರು.

"ಎಲ್ಡು ಮಿಷನ್ ತಕ್ಕಂಡಿದೀವಲ್ಲವ್ವಾ, ಮೂರನೇದು ಯಾತಕ್ಕೆ?"

"ಸರ್, ಕೆಲಸ ಮಾಡೋದು ಆ ಎರಡು. ಸಾಮಾನೆಲ್ಲ ಇರೋದು ಈ ಮೂರನೇದ್ರಲ್ಲಿ. ಒಂದು ಸರ್ವರ್ ಕೆಟ್ರೆ ಇನ್ನೊಂದು ಇಲ್ಲಿಂದಾನೇ ಎತ್ಕೊಂಡು ಮುಂದುವರಿಸುತ್ತೆ."

"ಅಂಗಾದ್ರೆ ಅಗೇವು ಅನ್ನು. ಇಬ್ರು ಅಣ್ತಮ್ಮಂದ್ರಿಗೆ ಒಂದೇ ರಾಗಿ ಅಗೇವು. ಒಬ್ಬ ಮಲಗಿದ್ರೆ ಇನ್ನೊಬ್ಬ ತೆಗ್ದು ಉಣ್ಣಾಕಿಕ್ತಾನೆ."

ಹಗೇವು ಎಂದರೆ ನೆಲ ತೋಡಿ ರಾಗಿ ತುಂಬಿಡುವ ಗುಂಡಿ. ನಾನು ಹದಿನೈದು ಸ್ಲೈಡು ಮಾಡಿಕೊಂಡು ಹೋಗಿದ್ದನ್ನು ಅವರು ಒಂದೇ ಮಾತಿನಲ್ಲಿ ಮುಗಿಸಿದರು. ಪೆಟ್ಟಿಗೆಗೆ ಒಪ್ಪಿದರು, ಅದಕ್ಕೆಂದೇ ಬೇರೆ ನೆಟ್‌ವರ್ಕ್ ಸ್ವಿಚ್ಚು, ಬೇರೆ ಕೇಬಲ್ಲು ಕೇಳಿದ್ದನ್ನು ಮಾತ್ರ "ಇರಾದ್ರಾಗೇ ಮಾಡ್ಕ" ಎಂದು ಹೊಡೆದುಹಾಕಿದರು. ಆಮೇಲೆ ಹೇಳಿದರು: "ನಡುಸಿ ತೋರ್ಸು. ನಡುದ್ರೆ ಆ ಸರ್ವರ್ ರೂಮು ನಿಂದೇ. ಇಲ್ದಿದ್ರೆ ಲೈಬ್ರರೀಲಿ ಪುಸ್ತಕಕ್ಕೆ ಚೀಟಿ ಅಂಟ್ಸಾಕೆ ಜನ ಬೇಕು."

ಲೈಬ್ರರಿ ಕೆಲಸ ಕೀಳು ಎಂದು ನಾನು ಹೇಳುತ್ತಿಲ್ಲ. ಆದರೆ ನನಗೆ ಆ ಕೋಣೆ ಬೇಕಿತ್ತು. ಎಷ್ಟು ಬೇಕಿತ್ತೆಂದರೆ, ಅದರ ಎ.ಸಿ. ಸದ್ದು ಕೇಳಿದರೆ ಹೊಟ್ಟೆ ತಣ್ಣಗಾಗುತ್ತಿತ್ತು.

ಕಾಲೇಜಿನ ನೆಟ್‌ವರ್ಕ್ ನೋಡುತ್ತಿದ್ದವರು ನನಗಿಂತ ಹದಿನೈದು ವರ್ಷ ದೊಡ್ಡವರು, ಮಾತು ಕಮ್ಮಿ, ಆರ್.ಟಿ. ನಗರದಿಂದ ಸ್ಕೂಟರಿನಲ್ಲಿ ಬರುತ್ತಿದ್ದರು. ನೆಟ್‌ವರ್ಕಿನಲ್ಲಿ ಪ್ರತಿ ಯಂತ್ರಕ್ಕೂ ಮನೆ ನಂಬರಿನ ಹಾಗೆ ಒಂದು ನಂಬರ್ ಇರಬೇಕು, ಒಂದರದ್ದು ಇನ್ನೊಂದಕ್ಕೆ ಇರಬಾರದು. ಅವನ್ನೆಲ್ಲ ಅವರು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದರು. ಖಾಲಿ ನಂಬರ್ ಯಾವುದು ಎಂದು ಕೇಳಿದ್ದರೆ ಮುಗಿಯುತ್ತಿತ್ತು. "ಇಷ್ಟೂ ಗೊತ್ತಿಲ್ವಾ ಮೇಡಂ" ಎಂದುಬಿಟ್ಟರೆ? ಬೇಡವೇ ಬೇಡ ಎಂದು ನಾನೇ ಒಂದು ಆರಿಸಿಕೊಂಡೆ: ನೂರೆಂಟು. ದೇವರಿಗೆ ನೂರೆಂಟು ನಾಮ, ಜಪಮಾಲೆಗೆ ನೂರೆಂಟು ಮಣಿ; ಇಡೀ ಕಾಲೇಜಿನ ಗಂಟು ಹೊರುವ ಪೆಟ್ಟಿಗೆಗೆ ಇದಕ್ಕಿಂತ ಒಳ್ಳೆಯದು ಯಾವುದು? ಮಧ್ಯಾಹ್ನ ಕಂಪ್ಯೂಟರಿನಿಂದ ಆ ನಂಬರನ್ನು ಕೂಗಿ ನೋಡಿದೆ. ಯಾರೂ ಓಗೊಡಲಿಲ್ಲ. ಖಾಲಿ ಎಂದುಕೊಂಡು ಪೆಟ್ಟಿಗೆಗೆ ಕೊಟ್ಟು, ಮೇಲೊಂದು ಕುಂಕುಮದ ಬೊಟ್ಟೂ ಇಟ್ಟೆ.

ಯಜಮಾನರು ನೋಡಲು ಬರುವ ಹಿಂದಿನ ದಿನ, ಗುರುವಾರ ಮೂರು ಗಂಟೆಗೆ ಎಲ್ಲ ಕೂಡಿತು. ಪರೀಕ್ಷೆ ಮಾಡೋಣವೆಂದು ಒಂದು ಸರ್ವರಿನ ವೈರು ಕಿತ್ತೆ. ಎರಡು ನಿಮಿಷದಲ್ಲಿ ಅದರೊಳಗಿದ್ದ ಕಂಪ್ಯೂಟರುಗಳೆಲ್ಲ ಇನ್ನೊಂದರಲ್ಲಿ ಎದ್ದು ಕೂತವು. ಕೋಣೆಯಲ್ಲಿ ಒಬ್ಬಳೇ ಇದ್ದೆ, ಕುಣಿದೆ ಎಂದು ಬರೆಯಲು ನಾಚಿಕೆಯೇನಿಲ್ಲ. ನಾಲ್ಕಕ್ಕೆ ಸರಿಯಾಗಿ ಬೀಗ ಹಾಕಿ ಮನೆಗೆ ಹೊರಟೆ.

ಶುಕ್ರವಾರ ಹತ್ತೂವರೆಗೆ ರಾಹುಕಾಲ ಶುರು, ಅದಕ್ಕೆ ಯಜಮಾನರು ಒಂಬತ್ತಕ್ಕೇ ಬಂದರು. ನಾನಿನ್ನೂ ವೈರಿಗೆ ಕೈ ಹಾಕಿರಲಿಲ್ಲ, ಪರದೆಗಳೆಲ್ಲ ಒಟ್ಟಿಗೆ ನಿಂತವು. ಎರಡೂ ಸರ್ವರ್ ಚೆನ್ನಾಗಿವೆ, ಪೆಟ್ಟಿಗೆಯ ದೀಪವೂ ಉರಿಯುತ್ತಿದೆ, ಆದರೆ ಇವಕ್ಕೆ ಅದು ಸಿಗುತ್ತಿಲ್ಲ. ಯಜಮಾನರು ಐದು ನಿಮಿಷ ಕಾದು ಎದ್ದರು. "ಬರಾ ಶುಕ್ರವಾರ ಇನ್ನೊಂದ್ಸಾರಿ ಬತ್ತೀನಿ. ಅದೇ ಕೊನೆ," ಎಂದರು.

ಅವರು ಹೋಗಿ ಒಂದು ಗಂಟೆಯೊಳಗೆ ಎಲ್ಲ ತಾನಾಗಿಯೇ ಸರಿಯಾಯಿತು! ಸಿಟ್ಟಿಗೆ ಪೆಟ್ಟಿಗೆಯನ್ನು ಬಾಯಿಗೆ ಬಂದಂತೆ ಬೈದೆ. ಸಂಜೆ ನಾಲ್ಕಕ್ಕೆ ಮತ್ತೆ ನಿಂತಿತು, ಐದಕ್ಕೆ ಸರಿಹೋಯಿತು. ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ ಮತ್ತೆ ಅದೇ ಕಥೆ. ಕೇಬಲ್ ಬದಲಾಯಿಸಿದೆ. ಬೋರ್‌ವೆಲ್ ಮೋಟರ್ ಹಾಕಿದಾಗ ಕರೆಂಟು ಏರುಪೇರಾಗುತ್ತದೇನೋ ಎಂದು ಮೋಟರ್ ಮನೆ ಮುಂದೆ ಗಡಿಯಾರ ನೋಡುತ್ತ ನಿಂತೆ. ಮೋಟರ್ ಪಾಪದ್ದು, ಅದರ ತಪ್ಪೇನೂ ಇರಲಿಲ್ಲ.

ಭಾನುವಾರವೂ ಹೋದೆ. ಒಂಬತ್ತಾಯಿತು, ಹತ್ತಾಯಿತು, ಪೆಟ್ಟಿಗೆ ಒಂದು ಸಲವೂ ಕೆಮ್ಮಲಿಲ್ಲ. ಆಗ ಹೊಳೆಯಿತು, ಇದು ಗಂಟೆಯ ದೋಷ ಅಲ್ಲ, ಜನ ಬರುವ ಹೋಗುವ ಹೊತ್ತಿನ ದೋಷ. ಬರುವಾಗ ಹೋಗುವಾಗ ಜನ ಏನು ಮಾಡುತ್ತಾರೆ? ಗೇಟಿನಲ್ಲಿ ಹಾಜರಿ ಮಿಷನ್ನಿಗೆ ಹೆಬ್ಬೆಟ್ಟು ಒತ್ತುತ್ತಾರೆ. ಅದೂ ಇದೇ ನೆಟ್‌ವರ್ಕಿಗೆ ಸೇರಿದ್ದು. ನಮ್ಮಲ್ಲಿ ಆ ಮಿಷನ್ ಇಡೀ ದಿನ ಹಚ್ಚಿಡುತ್ತಿರಲಿಲ್ಲ. ತಡವಾಗಿ ಬಂದವರು ಮೆಲ್ಲಗೆ ಒತ್ತಿ ಒಳಗೆ ಸೇರಿಕೊಳ್ಳುತ್ತಾರೆಂದು, ಬೆಳಿಗ್ಗೆ ಒಂದು ಗಂಟೆ, ಸಂಜೆ ಒಂದು ಗಂಟೆ ಮಾತ್ರ ವಾಚ್‌ಮನ್ ಸ್ವಿಚ್ ಹಾಕಬೇಕೆಂದು ಕಟ್ಟಪ್ಪಣೆ ಇತ್ತು.

ಕೆಳಗೆ ಓಡಿದೆ. "ಅಣ್ಣಾ, ಆ ಹೆಬ್ಬೆಟ್ಟಿನ ಮಿಷನ್ ಒಂದ್ಸಲ ಹಾಕಿ."

"ಭಾನುವಾರ ಯಾರಮ್ಮಾ ಒತ್ತೋರು?"

"ಯಾರೂ ಬೇಡ, ನೀವು ಹಾಕಿ!"

ಎರಡು ಮಹಡಿ ಹತ್ತಿ ಬರುವಷ್ಟರಲ್ಲಿ ಎಲ್ಲ ನಿಂತುಹೋಗಿತ್ತು. ಮತ್ತೆ ಇಳಿದು ಮಿಷನ್ನಿನ ನಂಬರ್ ತೆಗೆದು ನೋಡಿದೆ. ನೂರೆಂಟು. ಮಧ್ಯಾಹ್ನ ನಾನು ಕೂಗಿದಾಗ ಅದು ಆಫ್ ಆಗಿತ್ತು, ಓಗೊಡುವುದು ಹೇಗೆ? ಮೆಟ್ಟಿಲ ಮೇಲೆ ಕೂತು ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ. ಶುಕ್ರವಾರ ನಾನೇ ಅದಕ್ಕೆ ಬೆರಳೊತ್ತಿ ಮೇಲೆ ಹೋಗಿದ್ದೆ. ನಗು ನಿಂತ ಮೇಲೆ ಹೆದರಿಕೆ ಆಯಿತು. ಮಿಷನ್ ಇಟ್ಟವರು ನೆಟ್‌ವರ್ಕ್ ಸರ್. ನಂಬರ್ ಅವರದು, ಕದ್ದವಳು ನಾನು.

ಸೋಮವಾರ ಅವರ ಮುಂದೆ ನಿಂತು ಎಲ್ಲ ಹೇಳಿದೆ. ಜಗಳಕ್ಕೆ ಬೇಕಾಗುವ ನಾಲ್ಕು ಮಾತನ್ನೂ ಜೋಡಿಸಿಕೊಂಡೇ ಹೋಗಿದ್ದೆ.

"ನೀವೂ ನೂರೆಂಟೇ ಇಟ್ರಾ?" ಎಂದರು. "ನಾನೂ ಹುಡುಕಿ ಇಟ್ಟಿದ್ದೆ ಮೇಡಂ. ಎಲ್ರೂ ಬೆಳಿಗ್ಗೆ ಮೊದಲು ಮುಟ್ಟೋ ಮಿಷನ್, ಒಳ್ಳೇದಾಗ್ಲಿ ಅಂತ."

ಎದ್ದು ಗೇಟಿಗೆ ಹೋಗಿ ಅದನ್ನು ನೂರೊಂಬತ್ತು ಮಾಡಿ ಬಂದರು. "ನಿಮ್ದು ಬದಲಾಯಿಸಿದ್ರೆ ಎರಡೂ ಸರ್ವರ್‌ನಲ್ಲಿ ಮೊದ್ಲಿಂದ ಕಟ್ಬೇಕು. ನಂದು ಎರಡು ನಿಮಿಷದ ಕೆಲಸ, ಬಿಡಿ."

ಶುಕ್ರವಾರ ಒಂಬತ್ತಕ್ಕೆ ಯಜಮಾನರು ಬಂದು ವೈರನ್ನು ತಾವೇ ಕಿತ್ತರು, ಅದೂ ಕಳೆ ಕೀಳುವ ರಭಸದಲ್ಲಿ. ನೆಟ್‌ವರ್ಕ್ ಸರ್ ಕೂಡ ಬಂದು ಬಾಗಿಲಲ್ಲಿ ನಿಂತಿದ್ದರು. ಒಂದು ನಿಮಿಷ ಏನೂ ಇಲ್ಲ. ಆಮೇಲೆ ಪರದೆಗಳು ಒಂದೊಂದಾಗಿ ಬೆಳಗಿದವು. ಕೊನೆಯದೂ ಬಂತು.

"ಓದ್ ವಾರ ಏನಾಗಿತ್ತು?" ಎಂದು ಯಜಮಾನರು ಕೇಳಿದರು.

ನಾನು ಬಾಯಿ ತೆರೆಯುವ ಮುಂಚೆ ನೆಟ್‌ವರ್ಕ್ ಸರ್ ಹೇಳಿದರು, "ನನ್ನ ಹಾಜರಿ ಮಿಷನ್ ನಂಬರ್ ಅಡ್ಡ ಬಂದಿತ್ತು ಸರ್. ಸರಿ ಮಾಡಿದೀನಿ."

ಸುಮ್ಮನಿದ್ದರೆ ಕೋಣೆ ನನ್ನದು. ಸುಮ್ಮನಿರಲು ನೋಡಿದೆ ಕೂಡ. ಆದರೆ ಆ ಮನುಷ್ಯನ ಮುಖ ನೋಡಿಕೊಂಡು ಆಗಲಿಲ್ಲ. "ಇಲ್ಲ ಸರ್, ಅದು ಮೊದ್ಲಿಂದಾನೂ ಅವರ ನಂಬರ್. ನಾನು ಕೇಳ್ದೆ ತಗೊಂಡೆ. ತಪ್ಪು ನಂದೇ."

"ಕೇಳಾಕೆ ಏನಾಗಿತ್ತವ್ವಾ?"

"ನಾಚ್ಕೆ ಆಯ್ತು ಸರ್."

ಯಜಮಾನರು ಅವರನ್ನೊಮ್ಮೆ ನೋಡಿದರು, ನನ್ನನ್ನೊಮ್ಮೆ ನೋಡಿದರು. ಪಂಚೆ ಎತ್ತಿಕಟ್ಟಿಕೊಂಡು ಬಾಗಿಲ ತನಕ ಹೋಗಿ, ತಿರುಗದೆಯೇ ಹೇಳಿದರು: "ಲೈಬ್ರರಿಗೆ ಬ್ಯಾರೆ ಯಾರ್ನಾದ್ರೂ ಉಡುಕ್ಬೇಕಾಯ್ತು."

ಅವರು ಮೆಟ್ಟಿಲಿಳಿಯುವ ಸದ್ದು ಮುಗಿಯುವ ತನಕ ತಡೆದುಕೊಂಡಿದ್ದು, ಆಮೇಲೆ ನೆಟ್‌ವರ್ಕ್ ಸರ್ ಎದುರಿಗೇ ಜೋರಾಗಿ ಅತ್ತುಬಿಟ್ಟೆ.