ತೊಗರಿ ಹೊಲದ ನೀಲಿ ಆರೋಪಿ

ಕಲಬುರಗಿಯ ಖೂಬಾ ಪ್ಲಾಟಿನಲ್ಲಿರುವ ನಮ್ಮ ಮನೆಯ ಪಡಸಾಲೆಯ ಗೋಡೆಯ ಮೇಲೆ ಒಂದು ನೀಲಿ ಪಾತರಗಿತ್ತಿ ಇದೆ. ಸತ್ತದ್ದು. ಸಾವು ಸಂಭವಿಸಿದ್ದು ಕಮಲಾಪುರದಲ್ಲಿ, ನಮ್ಮ ಅಕ್ಕನ ತೊಗರಿ ಹೊಲದ ಬದುವಿನ ಮೇಲೆ; ನನ್ನ ಕೈವಾಡ ಏನೂ ಇಲ್ಲ. ಹೆಬ್ಬೆರಳಿನ ಉಗುರಿಗಿಂತ ತುಸು ದೊಡ್ಡದಾದ ಆ ಪಾರ್ಥಿವ ಶರೀರವನ್ನು ಬೆಂಕಿಪೆಟ್ಟಿಗೆಯಲ್ಲಿ ಮಲಗಿಸಿ ಬಸ್ಸಿನಲ್ಲಿ ಕಲಬುರಗಿಗೆ ತಂದೆ. ಸೆಟೆದ ರೆಕ್ಕೆ ಮೆತ್ತಗಾಗಲೆಂದು, ಒದ್ದೆ ಬಟ್ಟೆ ಹಾಸಿದ ಊಟದ ಡಬ್ಬಿಯಲ್ಲಿ ಮುಚ್ಚಿಟ್ಟೆ. ಆಮೇಲೆ ಥರ್ಮಾಕೋಲಿನ ಮೇಲೆ ರೆಕ್ಕೆ ಬಿಡಿಸಿ, ಕಾಗದದ ಪಟ್ಟಿ ಒತ್ತಿ, ಗುಂಡುಸೂಜಿ ಚುಚ್ಚಿ ಒಣಗಿಸಿದೆ. ಆ ಡಬ್ಬಿಯಲ್ಲಿ ಮನೆಯಾಕೆ ಮತ್ತೆಂದೂ ರೊಟ್ಟಿ ಕಟ್ಟಲಿಲ್ಲ.

ಶಹಾಬಜಾರದಲ್ಲಿ ಫೋಟೋಗಳಿಗೆ ಕಟ್ಟು ಹಾಕುವವನು ಅದನ್ನು ಬಹಳ ಗೌರವದಿಂದ ಬರಮಾಡಿಕೊಂಡ. ಅವನ ಅಂಗಡಿಗೆ ಬರುವವರು ಹೆಚ್ಚಾಗಿ ತೀರಿಹೋದವರೇ.

"ಕೆಳಗ ತಾರೀಖು ಬರೀಬೇಕೇನ್ರಿ ಸಾಹೇಬ್ರ?"

"ಬ್ಯಾಡ್ರಿ."

"ಹಾರ ಹಾಕಾಕ ಮೊಳಿ?"

"ಅದೂ ಬ್ಯಾಡ್ರಿ."

ಇಷ್ಟು ನಿರ್ದಯಿ ವಾರಸುದಾರನನ್ನು ಅವನು ಕಂಡಿರಲಿಕ್ಕಿಲ್ಲ.

ಮನೆಯಾಕೆ ಗೋಡೆ ಮಂಜೂರು ಮಾಡಿದ್ದು ಒಂದೇ ಷರತ್ತಿನ ಮೇಲೆ: ಹಿರಿಯರು ಯಾರಾದರೂ ಬೇಡವೆಂದರೆ ಅದು ಅಂದೇ ಅಟ್ಟ ಸೇರಬೇಕು. ನಮ್ಮ ಅಟ್ಟದಲ್ಲಿ ಇರುವೆಗಳಿವೆ. ಒಣಗಿದ ಪಾತರಗಿತ್ತಿ ಅವುಗಳಿಗೆ ಹಪ್ಪಳ.

ಕಾರ್ತಿಕದಲ್ಲಿ, ಹೊಲ ಹೂವಿನಲ್ಲಿದ್ದಾಗ, ಅಕ್ಕ ಬಂದಳು. ಚಹಾ ಹಿಡಿದು ಗೋಡೆಯ ಮುಂದೆ ನಿಂತವಳು ಬಸಿ ಕೆಳಗಿಟ್ಟಳು.

"ಏ ತಮ್ಮ, ಇದು ನಮ್ಮ ತೊಗರಿ ಹೂವಿನಾಗ ತತ್ತಿ ಇಡೋದಲ್ಲೇನು? ಇದರ ಹುಳ ಕಾಯಿ ಕೊರೀತದ. ನಾ ಇದಕ್ಕ ಹುಳ ಸಾಯೋ ಎಣ್ಣಿ ಹೊಡಸಾಕತ್ತೀನಿ, ನೀ ಗಾಜು ಹಾಕ್ಸಿ ಕುಂದ್ರಿಸೀದಿ."

ಅಡುಗೆಮನೆಯ ಬಾಗಿಲಲ್ಲಿ ಮನೆಯಾಕೆ ಪ್ರತ್ಯಕ್ಷಳಾದಳು, ಸ್ಟೂಲಿನ ಸಮೇತ.

ನಾನು ವಕಾಲತ್ತು ಆರಂಭಿಸಿದೆ. ಈ ನೀಲಿ ಬಳಿದ ಬಣ್ಣವಲ್ಲ, ಎಂದೆ. ರೆಕ್ಕೆಯ ಮೇಲಿನ ಪುಡಿಯಂಥ ಹುರುಪೆಗಳ ರಚನೆಯೇ ಹಾಗೆ; ಬೆಳಕಿನೊಳಗಿನ ನೀಲಿಯನ್ನಷ್ಟೇ ಅದು ತಿರುಗಿಸಿ ಕಳಿಸುತ್ತದೆ. ಅದಕ್ಕೇ ಸತ್ತರೂ ಮಾಸಿಲ್ಲ.

"ಅಂದ್ರ ಬಣ್ಣ ಸುಳ್ಳು," ಎಂದಳು ಅಕ್ಕ.

ಹಿಂದಿನ ರೆಕ್ಕೆಯ ಕಪ್ಪು ಚುಕ್ಕೆ, ಎಳೆಯಂಥ ಬಾಲ ತೋರಿಸಿದೆ. ಹಕ್ಕಿ ಅದನ್ನೇ ತಲೆಯೆಂದು ಕುಕ್ಕುತ್ತದೆ, ಇದು ಪಾರಾಗುತ್ತದೆ.

"ತಲಿನೂ ಸುಳ್ಳು."

ಇದರ ಹುಳ ಸಿಹಿ ರಸ ಒಸರುತ್ತದೆ, ಅದರ ಆಸೆಗೆ ಇರುವೆಗಳು ಕಾವಲು ನಿಲ್ಲುತ್ತವೆ, ಎಂದೆ.

"ಮ್ಯಾಲ ಲಂಚಾನೂ ಕೊಡ್ತದ."

ಮನೆಯಾಕೆ ಸ್ಟೂಲನ್ನು ಗೋಡೆಗೆ ಹಚ್ಚಿದಳು. ಸೃಷ್ಟಿಯ ವಿಸ್ಮಯಗಳು ಒಂದೊಂದಾಗಿ ನನ್ನ ಕಕ್ಷಿದಾರನ ವಿರುದ್ಧವೇ ಸಾಕ್ಷಿ ನುಡಿಯುತ್ತಿದ್ದವು.

"ಅಕ್ಕ, ಇದು ಗಂಡು ಅದ," ಎಂದೆ, ಬೇರೇನೂ ಹೊಳೆಯದೆ. "ಹೆಣ್ಣು ಇಷ್ಟು ನೀಲಿ ಇರೂದಿಲ್ಲ, ಕಂದು ಇರ್ತದ."

ಅಕ್ಕ ಕನ್ನಡಕ ಹಾಕಿಕೊಂಡಳು. "ಅಂದ್ರ ತತ್ತಿ ಇಟ್ಟಾಂವ ಇಂವ ಅಲ್ಲ?"

"ಅಲ್ಲ."

"ಮತ್ತ ದಿನಾ ಏನು ಮಾಡ್ತಾನ?"

"ಬಿಸಿಲಿಗೆ ಕುಂದರ್ತಾನ. ಇನ್ನೊಂದು ಗಂಡು ಬಂತಂದ್ರ ಬೆನ್ನು ಹತ್ತಿ ಓಡಸ್ತಾನ. ಮತ್ತ ಬಂದು ಕುಂದರ್ತಾನ."

"ಅಷ್ಟ?"

"ಅಷ್ಟ."

ಅಕ್ಕ ಒಮ್ಮೆ ಗೋಡೆ ನೋಡಿದಳು, ಒಮ್ಮೆ ನನ್ನನ್ನು. "ಇರ್ಲಿ ಬಿಡವಾ," ಎಂದಳು ಮನೆಯಾಕೆಗೆ. "ನಿಮ್ಮನ್ಯಾಗ ಒಬ್ಬಾಂವ ಇದ್ದ, ಇಬ್ಬರಾದ್ರು."

ಮನೆಯಾಕೆ ಸ್ಟೂಲಿನ ಮೇಲೆ ಕೂತು ಚಹಾ ಕುಡಿದಳು. ಗಾಜಿನೊಳಗಿನವನೂ ಹುಳವಾಗಿದ್ದಾಗ ತೊಗರಿಕಾಯಿ ಕೊರೆದೇ ದೊಡ್ಡವನಾದ ಎಂಬ ಸಂಗತಿಯನ್ನು ನಾನು ನ್ಯಾಯಪೀಠದ ಗಮನಕ್ಕೆ ತರಲಿಲ್ಲ. ಅದನ್ನು ಯಾರೂ ಕೇಳಲೂ ಇಲ್ಲ.