ಕಂಠಮಟ್ಟ ಎಣ್ಣೆ

ನಾನು ತುಂಬು ಬಸುರಿಯಾಗಿದ್ದಾಗಲೂ ನನ್ನ ಗಂಡನ ಕಣ್ಣೆಲ್ಲ ಜೀಪಿನ ಮೇಲೇ ಇರುತ್ತಿತ್ತು. ಅದಕ್ಕೆ ಹೊಟ್ಟೆ ಉರಿದುಕೊಂಡು ಜಗಳ ಆಡಿದ್ದೂ ಉಂಟು. ರಾಮಾಪುರದಿಂದಾಚೆ ಕಾಡಂಚಿನ ನಮ್ಮೂರಿಗೆ ಬಸ್ಸಿಲ್ಲ. ಇವರ ಹಳೇ ಡೀಸೆಲ್ ಜೀಪೇ ಗತಿ. ಬೇಸಿಗೆ ಬಂತೆಂದರೆ ದಾರಿಯುದ್ದಕ್ಕೂ ರಾಗಿಹಿಟ್ಟಿನಂಥ ನುಣ್ಣನೆ ಧೂಳು. ಎಂಜಿನ್ ಅದನ್ನು ನುಂಗಿತೋ, ಒಳಗೆಲ್ಲ ಸವೆದು ಹಾಳು. ಅದಕ್ಕೇ ಏರ್ ಫಿಲ್ಟರಿನ ತಳದಲ್ಲಿ ಒಂದು ಎಣ್ಣೆ ಬಟ್ಟಲಿದೆ. ಗಾಳಿಯ ಜೊತೆ ಬಂದ ಧೂಳು ಆ ಎಣ್ಣೆಗೆ ಅಂಟಿ ಅಲ್ಲೇ ಉಳಿಯುತ್ತದೆ. ಇವರು ದಿನಾ ಬೆಳಿಗ್ಗೆ ಕೆಸರಾದ ಎಣ್ಣೆ ಚೆಲ್ಲಿ, ಬಟ್ಟಲು ಒರೆಸಿ, ಒಳಗಿನ ಗೆರೆಯವರೆಗೆ ಹೊಸ ಎಣ್ಣೆ ಹುಯ್ಯುತ್ತಿದ್ದರು.

ನನಗೆ ನೋವು ಶುರುವಾದಾಗಲೂ ಅದೇ ಕೆಲಸದಲ್ಲಿದ್ದರು. ನಾನು ಕಿರುಚಿದ್ದಕ್ಕೆ ಬಟ್ಟಲನ್ನು ಜಗಲಿ ಮೇಲಿಟ್ಟು ಒಳಗೆ ಓಡಿಬಂದರು. ನನ್ನನ್ನು ಎತ್ತಿಕೊಂಡು ಹೋಗಿ ಹಿಂದಿನ ಸೀಟಿನಲ್ಲಿ ಮಲಗಿಸಿ, ಬಟ್ಟಲನ್ನು ಸರಿಯಾಗಿ ನೋಡದೆಯೇ ಸಿಕ್ಕಿಸಿ ಹೊರಟರು. ಅತ್ತೆ ನನ್ನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಿದ್ದರು. ಪಕ್ಕದಲ್ಲಿ ಮಗುವಿಗೆಂದು ಒಗೆದಿಟ್ಟ ಹಳೇ ಸೀರೆಗಳ ಗಂಟು. ಯಳಂದೂರಿನ ನನ್ನ ತವರಿನಲ್ಲಿ ಅವ್ವ ಇಲ್ಲ. ನನ್ನನ್ನು ಹೆತ್ತ ದಿನವೇ ತೀರಿಹೋದಳು. ಹೆರಿಗೆ ಅಂದರೆ ಸಾವು ಅಂತಲೇ ನನ್ನ ತಲೆಯಲ್ಲಿ ಕೂತುಬಿಟ್ಟಿತ್ತು.

ಹನೂರಿನ ಆಸ್ಪತ್ರೆಗೆ ಹೋಗುವ ದಾರಿಯಲ್ಲಿ ಒಂದು ದಿಣ್ಣೆ ಹತ್ತುವಾಗ ಜೀಪು ಇದ್ದಕ್ಕಿದ್ದಂತೆ ಅರಚತೊಡಗಿತು. ಇವರು ಆಕ್ಸಿಲರೇಟರಿನಿಂದ ಕಾಲು ತೆಗೆದರೂ ಸದ್ದು ಏರುತ್ತಲೇ ಹೋಯಿತು. ಗೇರು ಬಿಡಿಸಿ, ಹ್ಯಾಂಡ್ ಬ್ರೇಕ್ ಎಳೆದು, ಕೀಲಿಯನ್ನೇ ಕಿತ್ತರು. ಹಾಳಾದ ಎಂಜಿನ್ ನಿಲ್ಲಬೇಕಲ್ಲ! ಹೊಗೆ ಜೀಪಿನ ಒಳಕ್ಕೇ ನುಗ್ಗಿತು.

"ಇಳೀರಿ! ಎಂಜಿನ್ ಸಿಡಿದೋಯ್ತದೆ!" ಇವರು ಕೂಗಿದರು.

ಇಳಿಯುವುದೆಲ್ಲಿ ಬಂತು? ನೋವು ನನ್ನ ಸೊಂಟ ಮುರಿಯುತ್ತಿತ್ತು. ಮುಗಿಯಿತು, ನಾನೂ ಅವ್ವನ ದಾರಿ ಹಿಡಿದೆ ಅಂದುಕೊಂಡೆ.

ಇವರು ಬಾನೆಟ್ ಎತ್ತಿ, ಫಿಲ್ಟರಿನಿಂದ ಎಂಜಿನ್ನಿಗೆ ಹೋಗುವ ಪೈಪು ಕಿತ್ತು, "ಬಟ್ಟೆ ಕೊಡವ್ವ!" ಅಂದರು. ಅತ್ತೆ ಕೊಡಲಿಲ್ಲ, ತಾವೇ ಗಂಟು ಹಿಡಿದು ಓಡಿದರು. ತಾಯಿ ಮಗ ಇಬ್ಬರೂ ಸೇರಿ ಎಂಜಿನ್ ಗಾಳಿ ಎಳೆಯುವ ಬಾಯಿಗೆ ಆ ಗಂಟನ್ನು ಬಲವಾಗಿ ಅದುಮಿದರು. ಎಂಜಿನ್ ಉಸಿರು ಕಟ್ಟಿ, ಗಡಗಡ ನಡುಗಿ, ಕೊನೆಗೆ ನಿಂತಿತು.

ಇವರು ಬಟ್ಟಲು ಬಿಚ್ಚಿ ನೋಡಿದರು. ಗೆರೆ ಎಲ್ಲೋ, ಎಣ್ಣೆ ಎಲ್ಲೋ! ಹೆಚ್ಚಾದ ಎಣ್ಣೆಯನ್ನೇ ಎಂಜಿನ್ ಹೀರಿ ಉರಿಸಿಕೊಂಡು ಓಡಿತ್ತು.

"ಯಾರವ್ವ ಇಷ್ಟೊಂದು ಹುಯ್ದೋರು?"

"ನಾನೇ ಕಣಪ್ಪ. ನೀನ್ ಒಳೀಕ್ ಓದಾಗ ನೋಡ್ದೆ, ತಳದಲ್ಲಿ ಒಸಿ ಇತ್ತು. ಬಸ್ರಿ ಓಗೋ ಗಾಡಿ, ಕಮ್ಮಿ ಆಗ್ಬಾರ್ದು ಅಂತವ ತುಂಬುಸ್ದೆ."

ಬಸುರಿ ಹೊಸ್ತಿಲು ದಾಟುವಾಗ ದೇವರ ದೀಪಕ್ಕೆ ಕಂಠಮಟ್ಟ ಎಣ್ಣೆ ಹುಯ್ಯುವುದು ನಮ್ಮ ಮನೆಯ ರೂಢಿ. ದೀಪಕ್ಕೆ ಹುಯ್ದ ಧಾರಾಳದಲ್ಲೇ ಅತ್ತೆ ಜೀಪಿಗೂ ಹುಯ್ದಿದ್ದರು. ಇವರು ಗೆರೆಯವರೆಗೆ ಉಳಿಸಿ ಮಿಕ್ಕಿದ್ದು ಚೆಲ್ಲಿದರು, ಪೈಪಿನ ಒಳಗೂ ಒರೆಸಿ ಸಿಕ್ಕಿಸಿದರು. ಎಂಜಿನ್ ಕೆಮ್ಮಿ ಕೆಮ್ಮಿ ಶುರುವಾಯಿತು.

ಅತ್ತೆ ಮಾತ್ರ ರಸ್ತೆಯಲ್ಲೇ ನಿಂತಿದ್ದರು. "ನೀವ್ ಓಗಿ. ನನ್ ಕೈಗುಣ ಸರಿ ಇಲ್ಲ."

ನನಗೆ ಸಿಟ್ಟು ನೆತ್ತಿಗೇರಿತು. "ನಾನೊಬ್ಳೇ ಓಗಿ ಸಾಯ್ಲಾ? ಬಂದು ಕೂತ್ಕಳಿ!" ಅಂತ ಅರಚಿದೆ. ಬಂದು ಕೂತರು.

ಆಸ್ಪತ್ರೆಯಲ್ಲಿ ನರ್ಸಮ್ಮ ಅತ್ತೆಯ ಎಣ್ಣೆ ಮೆತ್ತಿ ಕಪ್ಪಾದ ಕೈ ನೋಡಿ, ಆಚೆ ಇರಿ ಅಂದರು. ನಾನು ಆ ಕೈ ಬಿಡಲಿಲ್ಲ. ಬೈದುಕೊಂಡೇ ಸೋಪು ಹಾಕಿ ತೊಳೆಸಿ, ಪಕ್ಕದಲ್ಲೇ ನಿಲ್ಲಲು ಬಿಟ್ಟರು. ಮಗು ಅತ್ತಾಗ ನಾನು ಹೆಣ್ಣೋ ಗಂಡೋ ಅಂತ ಕೇಳಲಿಲ್ಲ.

"ಅತ್ತೆ, ನಾನ್ ಬದ್ಕಿದ್ದೀನಾ?" ಅಂದೆ.

"ಬದ್ಕಿದ್ದೀಯ ಕಣ್ ಮಗಾ," ಅಂದು ಅವರು ಬಿಕ್ಕಿ ಬಿಕ್ಕಿ ಅತ್ತರು.